ಕೆಲಸ ಕಳೆದುಕೊಂಡ ಎಡಗಾಲು



ಈ ವಾರ ಹಾಸನದಿಂದ ಬಂದ ಒಂದು ಪತ್ರಕ್ಕೆ ಉತ್ತರ ಬರೆಯುತ್ತಿದ್ದೇನೆ. ಬರೆದವಳು ಎಂಟನೇ ತರಗತಿಯ ಹುಡುಗಿ. ಹೆಸರು ಹಾಕಬೇಡಿ ಎಂದಿದ್ದಾಳೆ, ಹಾಕುವುದಿಲ್ಲ. ಪತ್ರದಲ್ಲಿರುವುದು ಇಷ್ಟು:

"ನಮ್ಮ ತಾತ ಕೆ.ಎಸ್.ಆರ್.ಟಿ.ಸಿ.ಯಲ್ಲಿ 31 ವರ್ಷ ಬಸ್ ಓಡಿಸಿದವರು. ಹೆಚ್ಚಾಗಿ ಹಾಸನ–ಮಂಗಳೂರು ರೂಟು, ಶಿರಾಡಿ ಘಾಟಿ. ನನ್ನ ಮಾವನಿಗೆ ಡ್ರೈವಿಂಗ್ ಕಲಿಸಿದ್ದೂ ತಾತನೇ. ಮಾವ ಈಗ ಅಮೆರಿಕದ ಮಿಚಿಗನ್‌ನಲ್ಲಿ ಕೆಲಸಕ್ಕೆ ಸೇರಿದ್ದಾರೆ. ತಿಂಗಳ ಹಿಂದೆ ವಿಡಿಯೋ ಕಾಲ್ ಮಾಡಿ, 'ಅಪ್ಪಾ, ಇವತ್ತು ಗೆಳೆಯನ ಸ್ಪೋರ್ಟ್ಸ್ ಕಾರು ಓಡಿಸಿದೆ, ಕಾರ್ವೆಟ್ ಅಂತ. ಅದರಲ್ಲಿ ಕ್ಲಚ್ಚೇ ಇಲ್ಲ, ಗೇರ್ ತಾನಾಗೇ ಬೀಳುತ್ತೆ. ನೀವು ಕಲಿಸಿದ್ದು ಒಂದೂ ಬೇಕಾಗಲಿಲ್ಲ ನೋಡಿ' ಅಂತ ನಕ್ಕರು. ತಾತ, 'ಕ್ಲಚ್ ಇಲ್ಲದ್ದು ಗಾಡೀನೇ ಅಲ್ಲ ಕಣೋ, ಜಾತ್ರೆ ಆಟಿಕೆ' ಅಂದು ಫೋನನ್ನು ಅಜ್ಜಿ ಕೈಗೆ ಕೊಟ್ಟು ಎದ್ದು ಹೋದರು. ಅವತ್ತಿಂದ ಮಾವನ ಫೋನು ಬಂದರೆ ತಾತ ಅಂಗಳಕ್ಕೆ ಹೋಗಿಬಿಡುತ್ತಾರೆ. ಇಬ್ಬರಲ್ಲಿ ಯಾರು ಸರಿ? ತಾತ ಕಲಿತಿದ್ದೆಲ್ಲ ಈಗ ವೇಸ್ಟಾ?"

ಕೊನೆಯ ಪ್ರಶ್ನೆ ಕಾರಿನದ್ದಲ್ಲ, ಮನೆಯದ್ದು. ಆದರೆ ಅದಕ್ಕೆ ಉತ್ತರ ಸಿಗುವುದು ಕಾರಿನ ಒಳಗೇ. ಮೊದಲು ಬಾನೆಟ್ ಎತ್ತಿ ನೋಡೋಣ.

ತಾತನ ಎಡಗಾಲು ಏನು ಮಾಡುತ್ತಿತ್ತು?

ಗೇರ್ ಇರುವ ಸೈಕಲ್ ತುಳಿದ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಏರು ಬಂದಾಗ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಚೈನನ್ನು ಹಾಕುತ್ತೀರಿ. ಪೆಡಲ್ ಹೆಚ್ಚು ಸುತ್ತು ತುಳಿಯಬೇಕು, ಸೈಕಲ್ ನಿಧಾನ ಹೋಗುತ್ತದೆ, ಆದರೆ ಕಾಲಿಗೆ ಹಗುರ. ಸಮ ರಸ್ತೆಯಲ್ಲಿ ಚಿಕ್ಕ ಚಕ್ರಕ್ಕೆ ಹಾಕುತ್ತೀರಿ. ಕಡಿಮೆ ಸುತ್ತು, ಹೆಚ್ಚು ವೇಗ. ಬಸ್ಸಿಗೂ ಹಾಗೆಯೇ. ನಿಂತ ಬಸ್ಸನ್ನು ಅಲುಗಿಸಲು ಒಂದನೇ ಗೇರ್, ಓಡುವ ಬಸ್ಸಿಗೆ ನಾಲ್ಕೋ ಐದೋ.

ಈಗ ಕ್ಲಚ್. ನಿಮ್ಮ ಎರಡು ಅಂಗೈಗಳನ್ನು ಒಂದಕ್ಕೊಂದು ಒತ್ತಿ ಹಿಡಿಯಿರಿ. ಒಂದು ಕೈ ತಿರುಗಿಸಿದರೆ ಇನ್ನೊಂದೂ ತಿರುಗುತ್ತದೆ. ಸ್ವಲ್ಪ ಸಡಿಲಿಸಿದರೆ ಜಾರುತ್ತದೆ. ಪೂರ್ತಿ ಬಿಟ್ಟರೆ ಒಂದು ತಿರುಗಿದರೂ ಇನ್ನೊಂದು ಸುಮ್ಮನಿರುತ್ತದೆ. ಒಂದು ಅಂಗೈ ಎಂಜಿನ್, ಇನ್ನೊಂದು ಗೇರ್ ಬಾಕ್ಸ್. ಎಂಜಿನ್ ಸುತ್ತುತ್ತಲೇ ಇರಬೇಕು, ಆದರೆ ಬಸ್ ಸ್ಟಾಪಿನಲ್ಲಿ ಚಕ್ರ ನಿಲ್ಲಬೇಕು. ಗೇರ್ ಬದಲಿಸುವಾಗಲೂ ಎರಡರ ನಂಟನ್ನು ಒಂದು ಗಳಿಗೆ ಬಿಡಿಸಬೇಕು. ಆ ಬಿಡಿಸುವ, ಕೂಡಿಸುವ ಕೆಲಸ ಎಡಗಾಲಿನದ್ದು. ಬೇಗ ಬಿಟ್ಟರೆ ಗಾಡಿ ಜರ್ಕ್ ಹೊಡೆದು ಆಫ್ ಆಗುತ್ತದೆ. ತೀರಾ ನಿಧಾನ ಬಿಟ್ಟರೆ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುತ್ತದೆ.

ಹಳೆಯ ಕಾಲದ ಬಸ್ಸು ಲಾರಿಗಳಲ್ಲಿ ಇಷ್ಟು ಸಾಲದು. ಗೇರ್ ಬಾಕ್ಸಿನ ಒಳಗಿನ ಹಲ್ಲುಚಕ್ರಗಳ ವೇಗ ಹೊಂದಿಸಿಕೊಡುವ ಏರ್ಪಾಡು ಇರದಿದ್ದರೆ ಡಬಲ್ ಕ್ಲಚ್ ಹೊಡೆಯಬೇಕು. ಒಮ್ಮೆ ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲ್‌ಗೆ ತರುವುದು, ಕ್ಲಚ್ ಬಿಟ್ಟು ಆಕ್ಸಿಲರೇಟರ್ ಒಂದು ಸಲ ತಟ್ಟುವುದು, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರಿಗೆ ಹಾಕುವುದು. ಸರಿಯಾದರೆ ಗೇರ್ ಬೆಣ್ಣೆಯ ಹಾಗೆ ಕೂರುತ್ತದೆ, ತಪ್ಪಿದರೆ ಇಡೀ ಬಸ್ಸಿಗೆ ಕೇಳುವಂತೆ ಕರಕರ ಎನ್ನುತ್ತದೆ. ಬಸ್ಸಿನ ಜನರಿಗೆ ಡ್ರೈವರ್ ಎಂಥವನು ಎಂದು ಗೊತ್ತಾಗುತ್ತಿದ್ದದ್ದು ಆ ಶಬ್ದದಿಂದಲೇ. ಇದನ್ನು ಕೈ ಕಾಲು ಕಿವಿ ಮೂರೂ ಸೇರಿ ಕಲಿಯಬೇಕು. 31 ವರ್ಷ ಇದನ್ನು ಮಾಡಿದವರಿಗೆ "ಅದೊಂದೂ ಬೇಕಾಗಲಿಲ್ಲ" ಎಂದರೆ ಹೇಗಾಗಬೇಡ?

ಎರಡು ಫ್ಯಾನುಗಳ ಗುಟ್ಟು

ಹಾಗಾದರೆ ಕ್ಲಚ್ ಪೆಡಲ್ ಇಲ್ಲದೆ ಕಾರು ಹೇಗೆ ಓಡುತ್ತದೆ? ಮನೆಯಲ್ಲಿ ಎರಡು ಟೇಬಲ್ ಫ್ಯಾನ್ ಇದ್ದರೆ ದೊಡ್ಡವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದು ಪ್ರಯೋಗ ಮಾಡಿ. ಎರಡನ್ನೂ ಹತ್ತಿರ ಹತ್ತಿರ ಎದುರುಬದುರು ಇಡಿ. ಮುಂದಿನ ಜಾಲರಿ ತೆಗೆಯಬೇಡಿ. ಒಂದರ ವೈರನ್ನು ಪ್ಲಗ್ಗಿನಿಂದ ಪೂರ್ತಿ ತೆಗೆದುಬಿಡಿ. ಇನ್ನೊಂದನ್ನು ಜೋರಾಗಿ ಹಾಕಿ. ಕರೆಂಟ್ ಇಲ್ಲದ ಫ್ಯಾನಿನ ರೆಕ್ಕೆಗಳೂ ಮೆಲ್ಲಗೆ ತಿರುಗತೊಡಗುತ್ತವೆ. ನಡುವೆ ಹಲ್ಲುಚಕ್ರವಿಲ್ಲ, ಬೆಲ್ಟಿಲ್ಲ, ಬರೀ ಗಾಳಿ.

ಗಾಳಿಯ ಬದಲು ಎಣ್ಣೆ ತುಂಬಿ, ಎರಡು ಫ್ಯಾನುಗಳನ್ನು ಒಂದೇ ಗುಂಡನೆಯ ಡಬ್ಬಿಯೊಳಗೆ ಮುಚ್ಚಿಟ್ಟರೆ ಆಟೋಮ್ಯಾಟಿಕ್ ಕಾರಿನ ಮುಖ್ಯ ಭಾಗ ಸಿಕ್ಕಿತು. ಎಂಜಿನ್ ಒಂದು ಫ್ಯಾನನ್ನು ತಿರುಗಿಸುತ್ತದೆ, ಎಣ್ಣೆ ಇನ್ನೊಂದನ್ನು ತಳ್ಳುತ್ತದೆ. ನಡುವೆ ಮೂರನೆಯದೊಂದು ಚಿಕ್ಕ ಚಕ್ರವಿದ್ದು, ವಾಪಸು ಬರುವ ಎಣ್ಣೆಯನ್ನು ಸರಿಯಾದ ದಿಕ್ಕಿಗೆ ತಿರುಗಿಸಿ ತಳ್ಳುವ ಬಲವನ್ನು ಹೆಚ್ಚಿಸುತ್ತದೆ. ಇದಕ್ಕೆ ಟಾರ್ಕ್ ಕನ್ವರ್ಟರ್ ಎಂದು ಹೆಸರು. ಕಾರು ನಿಂತಾಗ ಎಣ್ಣೆ ಜಾರಿಕೊಳ್ಳುತ್ತದೆ, ಆದ್ದರಿಂದ ಎಂಜಿನ್ ಆಫ್ ಆಗುವುದಿಲ್ಲ.

ಇದು ಮೊದಲು ಹುಟ್ಟಿದ್ದು ಕಾರಿಗಾಗಿ ಅಲ್ಲ, ಹಡಗಿಗಾಗಿ. ಜರ್ಮನಿಯ ಎಂಜಿನಿಯರ್ ಹರ್ಮನ್ ಫ್ಯೋಟಿಂಗರ್ ಹಡಗು ಕಟ್ಟುವ ಕಾರ್ಖಾನೆಯಲ್ಲಿದ್ದರು. ಅಲ್ಲಿನ ಉಗಿ ಟರ್ಬೈನ್ ಬಹಳ ವೇಗವಾಗಿ ಸುತ್ತುತ್ತಿತ್ತು, ನೀರೊಳಗಿನ ಪ್ರೊಪೆಲ್ಲರ್ ನಿಧಾನ ಸುತ್ತಬೇಕಿತ್ತು. ಎರಡನ್ನೂ ದ್ರವದ ಮೂಲಕ ಜೋಡಿಸುವ ಉಪಾಯಕ್ಕೆ ಅವರು 1905ರಲ್ಲಿ ಪೇಟೆಂಟ್ ಪಡೆದರು. ಮುಂದೆ ಅಮೆರಿಕದಲ್ಲಿ 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಿಗೆ ಹೈಡ್ರಾ-ಮ್ಯಾಟಿಕ್ ಎಂಬ ಗೇರ್ ಬಾಕ್ಸ್ ಬಂತು. ಅದರಲ್ಲೂ ಎಣ್ಣೆಯ ಜೋಡಣೆ, ತಾನಾಗಿ ಬದಲಾಗುವ ನಾಲ್ಕು ಗೇರ್. ಕ್ಲಚ್ ಪೆಡಲ್ ಇಲ್ಲದ ಕಾರು ಜನಸಾಮಾನ್ಯರ ಮನೆ ಮುಂದೆ ನಿಂತದ್ದು ಆಗ.

ತಾತನ ಮಾತನ್ನೇ ಆಡಿದ ಅಮೆರಿಕದವರು

ಈಗ ಮಾವ ಓಡಿಸಿದ ಕಾರಿನ ಕತೆಗೆ ಬರೋಣ. ಕಾರ್ವೆಟ್ ಮೊದಲು ಜನರ ಕಣ್ಣಿಗೆ ಬಿದ್ದದ್ದು 1953ರ ಜನವರಿಯಲ್ಲಿ, ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ನಡೆದ ಜನರಲ್ ಮೋಟಾರ್ಸ್ ಪ್ರದರ್ಶನದಲ್ಲಿ. ಅದೇ ವರ್ಷ ಜೂನ್ 30ರಂದು ಮಿಚಿಗನ್ ರಾಜ್ಯದ ಫ್ಲಿಂಟ್ ಊರಿನ ಕಾರ್ಖಾನೆಯಿಂದ ಮೊದಲ ಕಾರು ಹೊರಬಂತು. ಹೌದು, ಹುಡುಗಿಯ ಮಾವ ಇರುವ ಮಿಚಿಗನ್ನೇ. ಆ ವರ್ಷ ಮಾಡಿದ್ದು ಬರೀ 300 ಕಾರು. ಎಲ್ಲವೂ ಬಿಳಿ ಬಣ್ಣ, ಒಳಗೆ ಕೆಂಪು ಸೀಟು. ಮೈ ತಗಡಿನದ್ದಲ್ಲ, ಫೈಬರ್‌ಗ್ಲಾಸಿನದ್ದು. ನೋಡಲು ಹಂಸದ ಹಾಗಿತ್ತು.

ಆದರೆ ಆ 300 ಕಾರುಗಳಲ್ಲಿ ಒಂದಕ್ಕೂ ಕ್ಲಚ್ ಪೆಡಲ್ ಇರಲಿಲ್ಲ. ಇದ್ದದ್ದು ಪವರ್‌ಗ್ಲೈಡ್ ಎಂಬ ಆಟೋಮ್ಯಾಟಿಕ್. ಅದರಲ್ಲಿ ಮುಂದಕ್ಕೆ ಹೋಗಲು ಎರಡೇ ಗೇರ್. ಎಂಜಿನ್ ಆರು ಸಿಲಿಂಡರಿನದ್ದು, 150 ಅಶ್ವಶಕ್ತಿ. ಗಂಟೆಗೆ 60 ಮೈಲಿ, ಅಂದರೆ ಸುಮಾರು 96 ಕಿಲೋಮೀಟರ್ ವೇಗ ಮುಟ್ಟಲು ಸುಮಾರು 11 ಸೆಕೆಂಡು ಬೇಕಾಗುತ್ತಿತ್ತು.

ಆಗ ಅಮೆರಿಕದ ಸ್ಪೋರ್ಟ್ಸ್ ಕಾರಿನ ಹುಚ್ಚಿದ್ದವರು ಇಂಗ್ಲೆಂಡಿನಿಂದ ಬಂದ ಎಂ.ಜಿ., ಜಾಗ್ವಾರ್ ಕಾರುಗಳನ್ನು ಓಡಿಸುತ್ತಿದ್ದರು. ಅವುಗಳ ಗೇರ್ ಕಡ್ಡಿ ಹಿಡಿದು ಒಂದೊಂದೇ ಗೇರ್ ಏರಿಸುವುದೇ ಅವರಿಗೆ ಸುಖ. ಕಾರ್ವೆಟ್ ನೋಡಿ ಅವರೂ ಹಾಸನದ ತಾತನ ಹಾಗೆಯೇ ಮುಖ ತಿರುಗಿಸಿದರು. ಕ್ಲಚ್ ಇಲ್ಲದ್ದು ಎಂಥ ಸ್ಪೋರ್ಟ್ಸ್ ಕಾರು ಎಂಬುದೇ ಅವರ ತಕರಾರು. 1954ರಲ್ಲಿ 3,640 ಕಾರು ಮಾಡಿದರು, ಅವುಗಳಲ್ಲಿ ಬಹಳಷ್ಟು ಮಾರಾಟವಾಗದೆ ಉಳಿದವು. 1955ರಲ್ಲಿ ಮಾಡಿದ್ದು ಬರೀ 700. ಕಾರ್ವೆಟ್ಟಿನ ಕತೆ ಅಲ್ಲಿಗೇ ಮುಗಿಯುವ ಹಾಗಿತ್ತು.

ಮುಗಿಯಲಿಲ್ಲ. ಆ ನ್ಯೂಯಾರ್ಕ್ ಪ್ರದರ್ಶನ ನೋಡಲು ಬಂದವರಲ್ಲಿ ಜೋರಾ ಆರ್ಕಸ್-ಡಂಟೋವ್ ಎಂಬ ಎಂಜಿನಿಯರ್ ಇದ್ದರು. ಹುಟ್ಟಿದ್ದು ಬೆಲ್ಜಿಯಂ ದೇಶದಲ್ಲಿ, ತಂದೆತಾಯಿ ರಷ್ಯಾದವರು. ಕಾರಿನ ರೂಪ ಅವರ ಮನಸ್ಸು ಗೆದ್ದಿತು, ಆದರೆ ಒಳಗಿನ ಯಂತ್ರ ಸಾಲದು ಎನ್ನಿಸಿತು. ಕಂಪನಿಗೆ ಪತ್ರ ಬರೆದು 1953ರಲ್ಲೇ ಅಲ್ಲಿ ಕೆಲಸಕ್ಕೆ ಸೇರಿದರು. 1955ರಲ್ಲಿ ಎಂಟು ಸಿಲಿಂಡರಿನ ಬಲವಾದ ಎಂಜಿನ್ ಬಂತು. ಆ ವರ್ಷದ ಕೊನೆಯ ಕೆಲವು ಕಾರುಗಳಿಗೆ ಕೈಯಿಂದ ಹಾಕುವ ಮೂರು ಗೇರುಗಳೂ ಬಂದವು. 1956ರಿಂದ ಕ್ಲಚ್ ಪೆಡಲ್ ಇರುವುದೇ ಸಾಮಾನ್ಯ ಮಾದರಿಯಾಯಿತು, ಆಟೋಮ್ಯಾಟಿಕ್ ಬೇಕಾದವರು ಕೇಳಿ ಹಾಕಿಸಿಕೊಳ್ಳಬೇಕಾಯಿತು. ಆಗ ಗೆದ್ದದ್ದು ತಾತನ ಪಕ್ಷ. ಆ ಕಾಲಕ್ಕೆ ಅದು ಸರಿಯೂ ಆಗಿತ್ತು. ಎರಡೇ ಗೇರಿನ ಆಟೋಮ್ಯಾಟಿಕ್‌ಗಿಂತ ಕೈ ಪಳಗಿದ ಚಾಲಕನೇ ಚುರುಕು.

ಎರಡು ಕಾವಲಿಯ ದೋಸೆ

ಹಾಗಿದ್ದರೆ ಈಗ ಏಕೆ ಬದಲಾಯಿತು? ಗೇರ್ ಬದಲಿಸುವ ಯಂತ್ರ ಮನುಷ್ಯನಿಗಿಂತ ಚುರುಕಾಯಿತು, ಅದಕ್ಕೆ.

1989ರ ಮಾರ್ಚಿನಲ್ಲಿ ಬ್ರೆಜಿಲ್ ದೇಶದ ರಿಯೋದಲ್ಲಿ ಫಾರ್ಮುಲಾ ಒನ್ ಓಟ ನಡೆಯಿತು. ಫೆರಾರಿ ತಂಡದ ಕಾರಿನಲ್ಲಿ ಗೇರ್ ಕಡ್ಡಿಯೇ ಇರಲಿಲ್ಲ. ಸ್ಟೀರಿಂಗ್ ಚಕ್ರದ ಹಿಂದೆ, ಬೆರಳಿಗೆ ಸಿಗುವಂತೆ ಎರಡು ಪಟ್ಟಿಗಳಿದ್ದವು. ಒಂದನ್ನು ಎಳೆದರೆ ಗೇರ್ ಮೇಲಕ್ಕೆ, ಇನ್ನೊಂದನ್ನು ಎಳೆದರೆ ಕೆಳಕ್ಕೆ. ಓಟ ಶುರುವಾಗುವಾಗ ಮಾತ್ರ ಕ್ಲಚ್ಚಿಗೆ ಕಾಲು, ಆಮೇಲೆ ಎಲ್ಲವೂ ಯಂತ್ರದ್ದು. ಪರೀಕ್ಷೆಯ ದಿನಗಳಲ್ಲಿ ಆ ಗೇರ್ ಬಾಕ್ಸ್ ಮತ್ತೆ ಮತ್ತೆ ಕೈಕೊಟ್ಟಿತ್ತು. ಓಟ ಮುಗಿಸುತ್ತದೆ ಎಂಬ ನಂಬಿಕೆ ಹೆಚ್ಚಿನವರಿಗೆ ಇರಲಿಲ್ಲ. ಆದರೆ ಅದನ್ನು ಓಡಿಸಿದ ಇಂಗ್ಲೆಂಡಿನ ನೈಜೆಲ್ ಮ್ಯಾನ್ಸೆಲ್ ಅವತ್ತು ಗೆದ್ದೇಬಿಟ್ಟರು. ಕೆಲವೇ ವರ್ಷಗಳಲ್ಲಿ ಉಳಿದ ತಂಡಗಳೂ ಅದೇ ದಾರಿ ಹಿಡಿದವು.

ಇನ್ನೊಂದು ಉಪಾಯ ಎರಡು ಕ್ಲಚ್ಚಿನದ್ದು. ಹೋಟೆಲಿನಲ್ಲಿ ದೋಸೆ ಭಟ್ಟರು ಎರಡು ಕಾವಲಿ ಇಟ್ಟುಕೊಂಡಿರುವುದನ್ನು ನೋಡಿದ್ದೀರಲ್ಲ? ಒಂದು ಕಾವಲಿಯ ದೋಸೆ ಎಲೆಗೆ ಬೀಳುವ ಹೊತ್ತಿಗೆ ಇನ್ನೊಂದರಲ್ಲಿ ಮುಂದಿನ ದೋಸೆ ಬೆಂದು ಸಿದ್ಧವಾಗಿರುತ್ತದೆ. ತಿನ್ನುವವನು ಕಾಯುವ ಹಾಗೇ ಇಲ್ಲ. ಈ ಗೇರ್ ಬಾಕ್ಸಿನಲ್ಲೂ ಒಂದು ಕ್ಲಚ್ 1, 3, 5, 7ನೇ ಗೇರುಗಳನ್ನು ನೋಡಿಕೊಳ್ಳುತ್ತದೆ, ಇನ್ನೊಂದು 2, 4, 6, 8ನ್ನು. ಕಾರು ಮೂರನೇ ಗೇರಿನಲ್ಲಿ ಓಡುತ್ತಿರುವಾಗಲೇ ನಾಲ್ಕನೆಯದು ಸಿದ್ಧವಾಗಿ ಕಾದಿರುತ್ತದೆ. ಒಂದು ಕ್ಲಚ್ ಬಿಟ್ಟು ಇನ್ನೊಂದು ಹಿಡಿದರೆ ಆಯಿತು. ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಈ ಯೋಚನೆಯನ್ನು ಫ್ರಾನ್ಸಿನ ಅಡಾಲ್ಫ್ ಕೆಗ್ರೆಸ್ 1939ರಷ್ಟು ಹಿಂದೆಯೇ ಮುಂದಿಟ್ಟಿದ್ದರು. 1980ರ ದಶಕದಲ್ಲಿ ಪೋರ್ಷೆ ಕಂಪನಿ ಇದನ್ನು ರೇಸ್ ಕಾರುಗಳಲ್ಲಿ ಓಡಿಸಿ ನೋಡಿತು. 2003ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32 ಕಾರಿನಲ್ಲಿ ಇದು ಜನರ ಕೈಗೆ ಬಂತು. ಲೆಕ್ಕ ವೇಗವಾಗಿ ಮಾಡುವ ಚಿಕ್ಕ ಕಂಪ್ಯೂಟರುಗಳು ಬರುವ ತನಕ ಅದು ಕಾಯಬೇಕಾಯಿತು.

2019ರ ಜುಲೈನಲ್ಲಿ ಎಂಟನೇ ತಲೆಮಾರಿನ ಕಾರ್ವೆಟ್ ತೆರೆ ಸರಿಸಿ ಬಂತು. ಎಂಜಿನ್ ಮುಂದಿನ ಬಾನೆಟ್ ಕೆಳಗಿಲ್ಲ, ಚಾಲಕನ ಬೆನ್ನ ಹಿಂದಿದೆ. ಎಂಟು ಗೇರ್, ಎರಡು ಕ್ಲಚ್. ಕ್ಲಚ್ ಪೆಡಲ್ ಇರುವ ಮಾದರಿಯೇ ಇಲ್ಲ. 60 ಮೈಲಿ ವೇಗಕ್ಕೆ ಸುಮಾರು 3 ಸೆಕೆಂಡು ಸಾಕು. ಯಾವ ಕಾರಣಕ್ಕೆ 1953ರಲ್ಲಿ ಜನ ಮುಖ ತಿರುಗಿಸಿದ್ದರೋ, ಅದೇ ಕಾರಣಕ್ಕೆ ಈಗ ಕಾರು ಅಷ್ಟು ಚುರುಕಾಗಿದೆ. ಮಾವ ಓಡಿಸಿದ್ದು ಈ ಕಾರು.

ಮಾವನ ಮೊದಲ ಅರ್ಧ ಗಂಟೆ

ಅವತ್ತು ನಡೆದದ್ದನ್ನು ಮಾವ ಅಜ್ಜಿಗೆ ಹೇಳಿದ್ದಾರೆ, ಹುಡುಗಿ ಅದನ್ನು ಎರಡನೇ ಹಾಳೆಯಲ್ಲಿ ಬರೆದು ಕಳಿಸಿದ್ದಾಳೆ. ಹೊಸದಾಗಿ ಆಟೋಮ್ಯಾಟಿಕ್ ಹಿಡಿಯುವ ಯಾರಿಗೂ ಹೀಗೇ ಆಗುವುದು, ಅದಕ್ಕೇ ಇಲ್ಲಿ ಕೊಡುತ್ತಿದ್ದೇನೆ.

ಕಾರು ನೆಲಕ್ಕೆ ಅಷ್ಟು ಹತ್ತಿರ. ಕೂರುವುದೆಂದರೆ ಮಣೆಯ ಮೇಲೆ ಕಾಲು ಚಾಚಿ ಕೂತ ಹಾಗೆ. ಗೆಳೆಯ ಪಕ್ಕದಲ್ಲಿ ಕೂತು, ಮೊದಲು ಒಂದು ಖಾಲಿ ಪಾರ್ಕಿಂಗ್ ಜಾಗದಲ್ಲಿ ಓಡಿಸು ಎಂದರಂತೆ. ಬುದ್ಧಿವಂತ ಗೆಳೆಯ. ಕೆಳಗೆ ನೋಡಿದರೆ ಎರಡೇ ಪೆಡಲ್: ಅಗಲವಾದ ಬ್ರೇಕ್, ಅದರ ಬಲಕ್ಕೆ ಆಕ್ಸಿಲರೇಟರ್. ಗೇರ್ ಕಡ್ಡಿ ಇರಬೇಕಾದ ಜಾಗದಲ್ಲಿ ಗುಂಡಿಗಳು: ಪಿ ಎಂದರೆ ಪಾರ್ಕ್, ಆರ್ ಎಂದರೆ ಹಿಂದಕ್ಕೆ, ಎನ್ ಎಂದರೆ ನ್ಯೂಟ್ರಲ್, ಡಿ ಎಂದರೆ ಮುಂದಕ್ಕೆ. ಬ್ರೇಕ್ ಒತ್ತಿ ಹಿಡಿದು ಡಿ ಎಳೆದು, ಮೆಲ್ಲಗೆ ಬ್ರೇಕ್ ಬಿಟ್ಟರು. ಆಕ್ಸಿಲರೇಟರ್ ಮುಟ್ಟೇ ಇಲ್ಲ, ಕಾರು ತಾನಾಗಿ ಹೊರಟಿತು! ಮಾವ ಬೆಚ್ಚಿಬಿದ್ದರಂತೆ. ಇದು ಆಟೋಮ್ಯಾಟಿಕ್ ಕಾರಿನ ಗುಣ. ಟಾರ್ಕ್ ಕನ್ವರ್ಟರ್ ಇದ್ದರೆ ಎಣ್ಣೆ ತಳ್ಳುತ್ತದೆ. ಎರಡು ಕ್ಲಚ್ಚಿನ ಕಾರಿನಲ್ಲಿ, ತಾತ ಅರ್ಧ ಕ್ಲಚ್ ಹಿಡಿಯುತ್ತಿದ್ದ ಹಾಗೆ, ಕಂಪ್ಯೂಟರ್ ಅದನ್ನು ಬೇಕೆಂದೇ ಅಷ್ಟಿಷ್ಟು ಹಿಡಿಸುತ್ತದೆ.

ಸ್ವಲ್ಪ ಮುಂದೆ ಹೋಗಿ ತಿರುಗಿಸುವಾಗ ಎಡಗಾಲಿಗೆ ಹಳೆಯ ನೆನಪು ಬಂತು. ತಿರುವು ಬಂತೆಂದರೆ ಗೇರ್ ಇಳಿಸಬೇಕು, ಗೇರ್ ಇಳಿಸಲು ಕ್ಲಚ್ ಒತ್ತಬೇಕು. ಕಾಲು ತಾನಾಗಿ ಎದ್ದು, ಕ್ಲಚ್ ಎಂದುಕೊಂಡು ಅಗಲವಾದ ಬ್ರೇಕಿನ ಅಂಚನ್ನು ಪೂರ್ತಿ ತುಳಿಯಿತು. ಕ್ಲಚ್ಚನ್ನು ತುಳಿಯುವ ಬಲ ಬ್ರೇಕಿಗೆ ಬಿದ್ದರೆ ಏನಾಗುತ್ತದೆ? ಕಾರು ಗಕ್ಕನೆ ನಿಂತಿತು, ಇಬ್ಬರೂ ಸೀಟ್ ಬೆಲ್ಟಿಗೆ ಜೋತುಬಿದ್ದರು. ಖಾಲಿ ಜಾಗವಾದ್ದರಿಂದ ನಗುವಿನಲ್ಲಿ ಮುಗಿಯಿತು. ಹಿಂದೆ ಲಾರಿ ಬರುತ್ತಿದ್ದರೆ ನಗುವ ಮಾತಾಗುತ್ತಿರಲಿಲ್ಲ. ಆಮೇಲೆ ಗೆಳೆಯ ಹೇಳಿಕೊಟ್ಟದ್ದು ಇಷ್ಟೇ: ಎಡಗಾಲನ್ನು ಎಡಬದಿಯ ಮೆಟ್ಟಿನ ಮೇಲೆ ಇಟ್ಟು ಅಲ್ಲಿಂದ ಎತ್ತಬೇಡ. ಎರಡು ಪೆಡಲಿಗೂ ಒಂದೇ ಕಾಲು, ಬಲಗಾಲು.

ರಸ್ತೆಗೆ ಬಂದ ಮೇಲೆ ಆಕ್ಸಿಲರೇಟರನ್ನು ಒಂದು ಸಲ ಜೋರಾಗಿ ಒತ್ತಿದರಂತೆ. ಗೇರ್ ತಾನಾಗಿ ಎರಡು ಮೂರು ಮೆಟ್ಟಿಲು ಕೆಳಗಿಳಿದು, ಬೆನ್ನ ಹಿಂದೆ ಎಂಜಿನ್ ಗುಡುಗಿ, ಕಾರು ಚಿಮ್ಮಿತು. ಮಾವನ ಕಾಲು ತಾನಾಗಿ ಮೇಲೆದ್ದಿತು. "ಭಯ ಆಯ್ತಮ್ಮ" ಎಂದು ಅಜ್ಜಿಗೆ ಹೇಳಿದರಂತೆ. ತಾತನಿಗೆ ಮಾತ್ರ ಅದನ್ನು ಹೇಳಿಲ್ಲ.

ಆ ಭಯ ಒಳ್ಳೆಯದು. ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 20 ಮೀಟರ್ ಹೋಗುತ್ತದೆ. ಅಂದರೆ ಹೆಚ್ಚುಕಡಿಮೆ ಒಂದು ಕ್ರಿಕೆಟ್ ಪಿಚ್ಚಿನ ಉದ್ದ. ಅಡ್ಡ ಬಂದದ್ದನ್ನು ಕಣ್ಣು ನೋಡಿ ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಹಿಡಿದರೂ ಒಂದು ಪಿಚ್ ದಾಟಿಯಾಯಿತು, ಬ್ರೇಕ್ ಇನ್ನೂ ಹಿಡಿದೇ ಇಲ್ಲ. ಬ್ರೇಕ್ ಹಿಡಿದ ಮೇಲೂ, ವೇಗ ಎರಡರಷ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ. ಬಲ ಹೆಚ್ಚಿದಷ್ಟೂ ಪೆಡಲ್ ಹಗುರಾಗಿದೆ, ಅದೇ ಎಚ್ಚರ ಬೇಕಾದ ಜಾಗ. ತಾತನ ಬಸ್ಸು ವೇಗ ಹಿಡಿಯಬೇಕಾದರೆ ನಾಲ್ಕು ಸಲ ಕ್ಲಚ್ ತುಳಿದು, ನಾಲ್ಕು ಸಲ ಕಡ್ಡಿ ಎಳೆಯಬೇಕಿತ್ತು. ಪ್ರತಿ ಸಲವೂ "ಬೇಕೇ ಇಷ್ಟು ವೇಗ?" ಎಂದು ಕೇಳಿದ ಹಾಗಿರುತ್ತಿತ್ತು. ಈ ಕಾರು ಕೇಳುವುದಿಲ್ಲ. ಚಾಲಕನೇ ಕೇಳಿಕೊಳ್ಳಬೇಕು.

ಯಂತ್ರಕ್ಕೆ ಕಾಣದ ತಿರುವು

ಈಗ ಹುಡುಗಿಯ ಪ್ರಶ್ನೆಗೆ ನೇರ ಉತ್ತರ. ಕಾರಿನ ವಿಷಯದಲ್ಲಿ ತಾತ ಹೇಳಿದ್ದು ಸರಿಯಲ್ಲ. ಕ್ಲಚ್ ಪೆಡಲ್ ಇಲ್ಲದ್ದೂ ಗಾಡಿಯೇ, ಒಳ್ಳೆಯ ಗಾಡಿಯೇ. ಆದರೆ "ಕಲಿಸಿದ್ದು ಒಂದೂ ಬೇಕಾಗಲಿಲ್ಲ" ಎಂದ ಮಾವನ ಮಾತು ಅದಕ್ಕಿಂತ ದೊಡ್ಡ ತಪ್ಪು.

ಮೊದಲನೆಯದಾಗಿ, ತಾತನ ಕೆಲಸ ಮಾಯವಾಗಿಲ್ಲ, ಅದನ್ನು ಯಂತ್ರಕ್ಕೆ ಕಲಿಸಿದ್ದಾರೆ. ಎಷ್ಟು ವೇಗದಲ್ಲಿ ಯಾವ ಗೇರ್, ಭಾರ ಎಳೆಯುವಾಗ ಎಷ್ಟು ಹೊತ್ತು ಕೆಳಗಿನ ಗೇರಿನಲ್ಲಿರಬೇಕು, ಕ್ಲಚ್ಚನ್ನು ಎಷ್ಟು ಮೃದುವಾಗಿ ಬಿಡಬೇಕು — ಇವೆಲ್ಲ ಚಾಲಕರ ಕೈಕಾಲಿನಲ್ಲಿದ್ದ ಲೆಕ್ಕ. ಎಂಜಿನಿಯರುಗಳು ಅದೇ ಲೆಕ್ಕವನ್ನು ಎಣ್ಣೆಗೆ, ಸ್ಪ್ರಿಂಗಿಗೆ, ಆಮೇಲೆ ಕಂಪ್ಯೂಟರಿಗೆ ಹಾಕಿಕೊಟ್ಟರು. ನಮ್ಮ ದೇಶದಲ್ಲಿ 2014ರಲ್ಲಿ ಮಾರುತಿ ಸೆಲೆರಿಯೋ ಕಾರಿನೊಂದಿಗೆ ಬಂದ ಎ.ಎಂ.ಟಿ. ಗೇರ್ ಬಾಕ್ಸನ್ನೇ ನೋಡಿ. ಒಳಗಿರುವುದು ಮಾಮೂಲಿ ಕ್ಲಚ್ ಪ್ಲೇಟ್, ಮಾಮೂಲಿ ಗೇರ್. ಅದನ್ನು ಒತ್ತಿ ಬಿಡುವ ಕಾಲೊಂದೇ ಯಂತ್ರದ್ದು. ಮಂಡಿನೋವು, ಎಡಗಾಲಿನ ತೊಂದರೆ ಇರುವ ಎಷ್ಟೋ ಹಿರಿಯರು ಇದರಿಂದಾಗಿ ಕಾರು ಓಡಿಸುವುದನ್ನು ಬಿಡಬೇಕಾಗಿ ಬಂದಿಲ್ಲ.

ಎರಡನೆಯದು ಇನ್ನೂ ಮುಖ್ಯ. ಗೇರ್ ಬಾಕ್ಸಿನ ಕಂಪ್ಯೂಟರ್ ಸಾಮಾನ್ಯವಾಗಿ ನೋಡುವುದು ಕಾರಿನ ವೇಗ, ಎಂಜಿನಿನ ಸುತ್ತು, ಪೆಡಲ್ ಎಷ್ಟು ಒತ್ತಿದೆ ಎಂಬುದನ್ನು. ಈ ಗಳಿಗೆಯಲ್ಲಿ ಏನಾಗುತ್ತಿದೆ ಎಂದು ಅದಕ್ಕೆ ಗೊತ್ತು. ಮುಂದಿನ ತಿರುವಿನ ಆಚೆ ಕಟ್ಟಿಗೆ ತುಂಬಿದ ಲಾರಿ ಬರುತ್ತಿರಬಹುದು, ರಾತ್ರಿ ಮಳೆಗೆ ಕೆಮ್ಮಣ್ಣು ರಸ್ತೆಗೆ ಇಳಿದಿರಬಹುದು, ಶಾಲೆ ಬಿಡುವ ಹೊತ್ತಾಗಿರಬಹುದು. ಇದನ್ನು ಮೊದಲೇ ಊಹಿಸಿ ಗಾಡಿಯನ್ನು ತಯಾರು ಮಾಡುವುದು ಚಾಲಕನ ಕೆಲಸ. 31 ವರ್ಷ ತಾತ ಮಾಡಿದ್ದು ಮುಖ್ಯವಾಗಿ ಇದನ್ನೇ. ಕ್ಲಚ್ ತುಳಿದದ್ದು ಅದರಲ್ಲೊಂದು ಭಾಗ ಮಾತ್ರ.

ಸಕಲೇಶಪುರ ದಾಟಿ ಗುಂಡ್ಯದ ಕಡೆ ಶಿರಾಡಿ ಇಳಿಯುವುದನ್ನು ಯೋಚಿಸಿ. ಹಳೆಯ ಚಾಲಕರದ್ದು ಒಂದು ನಿಯಮವಿದೆ: ಯಾವ ಗೇರಿನಲ್ಲಿ ಘಾಟಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಕೆಳಗಿನ ಗೇರಿನಲ್ಲಿ ಇಳಿದರೆ ಚಕ್ರಗಳೇ ಎಂಜಿನನ್ನು ತಿರುಗಿಸಬೇಕಾಗುತ್ತದೆ, ಆಗ ಎಂಜಿನ್ ಗಾಡಿಯನ್ನು ಜಗ್ಗಿ ಹಿಡಿಯುತ್ತದೆ. ಬರೀ ಬ್ರೇಕನ್ನೇ ನಂಬಿ ಇಳಿದರೆ ಅದು ಕಾದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಆಟೋಮ್ಯಾಟಿಕ್ ಕಾರನ್ನು ಡಿಯಲ್ಲೇ ಬಿಟ್ಟು ಇಳಿಸಿದರೆ, ಪೆಡಲಿನ ಮೇಲೆ ಕಾಲಿಲ್ಲವೆಂದು ಅದು ಮೇಲಿನ ಗೇರಿಗೆ ಹೋಗಿ ಹಗುರಾಗಿ ಉರುಳಬಹುದು. ಅದಕ್ಕೇ ಇಂಥ ಹೆಚ್ಚಿನ ಕಾರುಗಳಲ್ಲಿ ಕೈಯಿಂದ ಗೇರ್ ಇಳಿಸುವ ಏರ್ಪಾಡೂ ಇರುತ್ತದೆ. ಸ್ಟೀರಿಂಗಿನ ಹಿಂದಿನ ಪಟ್ಟಿಯಾಗಲಿ, ಕಡ್ಡಿಯ ಪಕ್ಕದ ಕೂಡಿಸು ಕಳೆ ಗುರುತಾಗಲಿ, ಎಲ್-ಅಕ್ಷರವಾಗಲಿ ಅದಕ್ಕೇ ಇರುವುದು. ಗುಂಡಿ ಎಲ್ಲಿದೆ ಎಂದು ಕಾರಿನ ಪುಸ್ತಕ ಹೇಳುತ್ತದೆ. ಯಾವಾಗ ಒತ್ತಬೇಕು ಎಂದು ಘಾಟಿ ಇಳಿದವರು ಹೇಳಬೇಕು.

ಮಾವ ದಸರಾ ರಜೆಗೆ ಬರುತ್ತಾರೆ, ಬಾಡಿಗೆ ಕಾರು ಮಾಡಿ ಎಲ್ಲರೂ ಧರ್ಮಸ್ಥಳಕ್ಕೆ ಹೋಗುತ್ತೇವೆ ಎಂದು ಪತ್ರದ ಕೊನೆಯಲ್ಲಿದೆ. ಮಗು, ನನ್ನದೊಂದು ಸಲಹೆ. ಆಟೋಮ್ಯಾಟಿಕ್ ಕಾರನ್ನೇ ತೆಗೆದುಕೊಳ್ಳಿ. ಮಾವ ಓಡಿಸಲಿ, ತಾತ ಮುಂದಿನ ಸೀಟಿನಲ್ಲಿ ಪಕ್ಕದಲ್ಲೇ ಕೂರಲಿ. ಘಾಟಿ ಶುರುವಾಗುವ ಮೊದಲು ಮಾವ ಒಂದು ಮಾತು ಕೇಳಲಿ: "ಅಪ್ಪಾ, ಇಲ್ಲಿ ಯಾವ ಗೇರ್?" ಅಷ್ಟು ಸಾಕು. ಸಾಧ್ಯವಾದರೆ ಇದನ್ನು ದಸರಾ ತನಕ ಕಾಯಿಸದೆ ಮುಂದಿನ ಭಾನುವಾರದ ಫೋನಿನಲ್ಲೇ ಕೇಳಲಿ. ಈ ಪುಟವನ್ನು ಫೋಟೋ ತೆಗೆದು ಮಾವನಿಗೆ ಕಳಿಸು.

ಮಕ್ಕಳಿಗೂ ಮನೆಯವರಿಗೂ

ಗೇರ್ ಇಲ್ಲ, ಕ್ಲಚ್ ಇಲ್ಲ, ಇದನ್ನು ನಾನೂ ಓಡಿಸಬಹುದು ಎಂದು ಯಾವ ಮಗುವಿಗಾದರೂ ಅನ್ನಿಸಿದರೆ ಕೇಳಿ: ಕಾರಿಗೆ ಲೈಸೆನ್ಸ್ ಸಿಗುವುದು 18 ವರ್ಷ ತುಂಬಿದ ಮೇಲೆ, ಆಟೋಮ್ಯಾಟಿಕ್ ಆದರೂ ಅಷ್ಟೇ. ಚಿಕ್ಕವರ ಕೈಗೆ ಗಾಡಿ ಕೊಟ್ಟು ಅಪರಾಧವಾದರೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಹಿರಿಯರು ಆಟೋಮ್ಯಾಟಿಕ್ ಕಾರಿನಿಂದ ಇಳಿಯುವ ಮೊದಲು ಪಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಆಫ್ ಮಾಡಿ. ಎಂಜಿನ್ ಚಾಲೂ ಇರುವ ಕಾರಿನಲ್ಲಿ ಮಕ್ಕಳನ್ನಷ್ಟೇ ಕೂರಿಸಿ ಹೋಗಬೇಡಿ. ಡಿಯಲ್ಲಿದ್ದರೆ ಅದು ತಾನಾಗಿ ಹೊರಡುವ ಗಾಡಿ.

ಈ ವಾರದ ಮನೆಗೆಲಸ: ನಿಮ್ಮ ತಾತ, ಅಜ್ಜಿ ಕೈಯಿಂದ ಮಾಡುತ್ತಿದ್ದ, ಈಗ ಯಂತ್ರ ಮಾಡುವ ಒಂದು ಕೆಲಸ ಯಾವುದು ಎಂದು ಕೇಳಿ. ಒರಳಿನಲ್ಲಿ ರುಬ್ಬುವುದಿರಬಹುದು, ಟೈಪ್ ಮಾಡುವುದಿರಬಹುದು, ಬಾವಿಯಿಂದ ನೀರು ಸೇದುವುದಿರಬಹುದು. ಅದರಲ್ಲಿ ಯಂತ್ರಕ್ಕೆ ಇವತ್ತಿಗೂ ಗೊತ್ತಿಲ್ಲದ್ದು ಏನು ಎಂದೂ ಕೇಳಿ. ಹಿಟ್ಟು ಹದವಾಯಿತೆಂದು ಅಜ್ಜಿಯ ಬೆರಳಿಗೆ ಹೇಗೆ ತಿಳಿಯುತ್ತಿತ್ತು? ಉತ್ತರವನ್ನು ಹತ್ತು ಸಾಲಿನಲ್ಲಿ ಬರೆದು ಕಳಿಸಿ. ಚೆನ್ನಾಗಿರುವುದನ್ನು ಇದೇ ಪುಟದಲ್ಲಿ ಹಾಕುತ್ತೇವೆ.